ಅಂಡೆ ನೆಟ್ಟ ಜಾಗ

ನಾಲ್ಕು ಗಾಲಿಯ ಬೈಕು ಹತ್ತಲು ಬಂದವರಿಗೆ ನೆಂಗಾ ತಿರ್ತ ಹೆಚ್ಚೇನೂ ಹೇಳುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಿ, ಬಲಗೈ ಹೆಬ್ಬೆರಳು ಒತ್ತಿದರೆ ಓಡುತ್ತದೆ, ನಾನು ಕೈಯೆತ್ತಿದರೆ ಎಲ್ಲರೂ ನಿಲ್ಲಿ. ಒಂದು ಮಾತನ್ನು ಮಾತ್ರ ಎರಡೆರಡು ಸಲ ಹೇಳುತ್ತಾನೆ: "ನನ್ನ ಗಾಲಿ ಹೋದ ಜಾಡಿನ ಮೇಲೇ ಬನ್ನಿ. ಆ ಕಡೆ ಈ ಕಡೆ ಹೋಗ್ಬೇಡಿ." ಬಂದವರು ಹೂಂಗುಟ್ಟುತ್ತಾರೆ. ಗದ್ದೆಯ ಬದು ದಾಟಿ, ಹೊಳೆ ಕಡಲು ಸೇರುವಲ್ಲಿಗೆ ಬಂದು, ಕಪ್ಪು ಮರಳು ಕಣ್ಣಿಗೆ ಬಿದ್ದ ಕೂಡಲೇ ಮರೆತುಬಿಡುತ್ತಾರೆ. ಬಾತುಕಾರು ಬೆಟ್ಟ ಯಾವ ಕಾಲದಲ್ಲೋ ಉಗುಳಿದ ಬೆಂಕಿ ಹೊಳೆಯಲ್ಲಿ ಪುಡಿಯಾಗಿ ಬಂದು ನಮ್ಮ ಕಡಲಂಚಿನಲ್ಲಿ ಹಾಸಿಕೊಂಡಿದೆ. ಎಣ್ಣೆ ಸವರಿದ ಬಾಣಲೆಯ ಹಾಗೆ ಮಿನುಗುತ್ತದೆ. ಅದರ ಮೇಲೆ ಗಾಡಿ ಬಿಟ್ಟರೆ ಎಂಥ ಗಂಭೀರ ಮನುಷ್ಯನೂ ಬಾಯಿಬಿಟ್ಟು ಕೂಗುತ್ತಾನೆ.

ಹಾಗೆ ಕೂಗಿದವರು ಕೊನೆಗೆ ಗಾಡಿಯಿಳಿದು ಚಪ್ಪಾಳೆ ತಟ್ಟುತ್ತಾರಲ್ಲ, ಆ ಚಪ್ಪಾಳೆಯ ರುಚಿ ನೆಂಗಾನಿಗೆ ಹತ್ತಿಬಿಟ್ಟಿತ್ತು. ಮೊದಲು ಅವನು ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ಮರದ ತುದಿಯಲ್ಲಿ ಎಷ್ಟು ಚೆನ್ನಾಗಿ ಹೊಂಬಾಳೆ ಕೊಯ್ದರೂ ಕೆಳಗೆ ನಿಂತು ಭೇಷ್ ಎನ್ನುವವರಿಲ್ಲ. ಇದ್ದವನೊಬ್ಬ ಅವನ ಗುರು, ಪಕ್ಕದ ಮನೆಯ ಪನ್ ಸಾದ್ರಿ. ಆತ ಹೊಗಳುವವನಲ್ಲ. "ಇವತ್ತು ಬಿದ್ದಿಲ್ವಲ್ಲ, ಸಾಕು," ಎನ್ನುತ್ತಿದ್ದ. ಅಷ್ಟೇ ಅವನ ಶಹಬ್ಬಾಸ್‌ಗಿರಿ.

ಪನ್ ಸಾದ್ರಿ ಎಂದರೆ ಸಾದ್ರಿಯ ಅಪ್ಪ. ಅವನ ಹೆಂಡತಿ ಮೆನ್ ಸಾದ್ರಿ, ಸಾದ್ರಿಯ ಅಮ್ಮ. ಮೊದಲ ಮಗು ಹುಟ್ಟಿದ ದಿನವೇ ನಮ್ಮಲ್ಲಿ ಜನ ತಮ್ಮ ಸ್ವಂತ ಹೆಸರು ಕಳೆದುಕೊಳ್ಳುತ್ತಾರೆ. ಗಂಡ ತೀರಿಕೊಂಡ ಮೇಲೆ ಮೆನ್ ಸಾದ್ರಿ ಎಳೆಯ ತೆಂಗಿನ ಗರಿ ಹೆಣೆದು, ಅಂಗೈಯಗಲದ ತಟ್ಟೆ ಮಾಡಿ, ಹೂವು, ಅಕ್ಕಿ, ಎಲೆ ಇಟ್ಟು ನೈವೇದ್ಯ ಮಾರತೊಡಗಿದಳು. ಬೈಕಿನ ಅಂಗಳಕ್ಕೆ ದಿನಾ ಬೆಳಗ್ಗೆ ಅವಳೇ ಬಂದು ಪ್ರತಿಯೊಂದು ಗಾಡಿಯ ಮೇಲೂ ಒಂದೊಂದು ಇಟ್ಟು, ಊದುಕಡ್ಡಿ ಸಿಕ್ಕಿಸಿ, ನೀರು ಚಿಮುಕಿಸುತ್ತಾಳೆ. ಎಡಗಣ್ಣಿಗೆ ಪೂರಾ, ಬಲಗಣ್ಣಿಗೆ ಅರೆಬರೆ ಪೊರೆ ಬಂದಿದೆ. ಗಾಡಿಗಳನ್ನು ತಡವಿ ತಡವಿ ಗುರುತು ಹಿಡಿಯುತ್ತಾಳೆ.

"ಅಜ್ಜಿ, ಈ ಕಬ್ಬಿಣದ ಕತ್ತೆಗಳಿಗೆಲ್ಲ ಪೂಜೆ ಮಾಡ್ತೀಯಲ್ಲ, ನನ್ನ ತಲೆ ಮೇಲೂ ಒಂದು ಇಡು," ಎಂದು ಅಂಗಳದ ಯಜಮಾನ ಓಕಾ ಕಿಚಾಯಿಸುತ್ತಾನೆ.

"ಕತ್ತೆ ಕೆಲಸ ಮಾಡುತ್ತೆ ಕಣಪ್ಪ, ಇಡ್ತೀನಿ. ನಿಂಗ್ಯಾಕೆ?" ಎನ್ನುತ್ತಾಳೆ ಅವಳು.

ನೆಂಗಾನ ಗಾಡಿಯ ಮೇಲೆ ಮಾತ್ರ ತಟ್ಟೆಯ ಜೊತೆಗೆ ಒಂದು ದೇವಕಣಗಿಲೆ ಹೂವು ಹೆಚ್ಚಿಗೆ ಇಡುತ್ತಿದ್ದಳು. ಗಂಡನ ಶಿಷ್ಯ ಎಂದು. ಆ ಹೂವು ಒಂದು ಕಾಲಕ್ಕೆ ಅವನಿಗೆ ಹಿತವಾಗಿತ್ತು. ಆಮೇಲೆ ಅದನ್ನು ನೋಡಿದರೆ ಅವನ ಹೊಟ್ಟೆಯೊಳಗೆ ಕಲ್ಲು ಕೂರುತ್ತಿತ್ತು. ಆ ಕಲ್ಲಿನ ಕತೆಯೇ ಇದು.

ನಮ್ಮೂರಲ್ಲಿ ಸತ್ತವರನ್ನು ಆ ಕೂಡಲೇ ಸುಡುವ ಶಕ್ತಿ ಎಲ್ಲರಿಗೂ ಇಲ್ಲ. ಮೊದಲು ಕಡಲಂಚಿನ ಸ್ಮಶಾನದಲ್ಲಿ ಹೂಳುತ್ತೇವೆ. ಕೆಲವು ವರ್ಷಗಳಿಗೊಮ್ಮೆ ಊರೆಲ್ಲ ಕೂಡಿ ಸಂಸ್ಕಾರ ಇಟ್ಟುಕೊಂಡಾಗ ಮೂಳೆಗಳನ್ನು ಎತ್ತಿ, ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ ಸುಟ್ಟು, ಬೂದಿಯನ್ನು ಕಡಲಿಗೆ ಬಿಡುತ್ತೇವೆ. ಅಲ್ಲಿಯತನಕ ಹೋದವರು ಮರಳಿನಡಿಯಲ್ಲಿ ಕಾಯುತ್ತಿರುತ್ತಾರೆ. ಗಾಲುಂಗಾನ್ ಹಬ್ಬ ಬಂದಾಗ ಮನೆಯವರು ಬುತ್ತಿ ಕಟ್ಟಿಕೊಂಡು ಹೋಗಿ, ಪಕ್ಕದಲ್ಲಿ ಕೂತು, ಉಣಬಡಿಸಿ, ಮಾತಾಡಿಸಿ ಬರುತ್ತಾರೆ. ಪನ್ ಸಾದ್ರಿಯ ದಿಬ್ಬಕ್ಕೆ ಹೆಂಡತಿ ನೆಡಿಸಿದ ಗುರುತು ಒಂದು ಬಿದಿರ ಗೂಟ, ಅದರ ತಲೆಯ ಮೇಲೆ ಬೋರಲು ಹಾಕಿದ ಅವನದೇ ಕಳ್ಳಿನ ಬಿದಿರಂಡೆ.

ಆ ಸಂಜೆ ಹುಣ್ಣಿಮೆಯ ಉಬ್ಬರವಿತ್ತು. ಜಕಾರ್ತದಿಂದ ನಾಲ್ವರು ಗೆಳತಿಯರು ಬಂದಿದ್ದರು, ಒಬ್ಬಳಿಗೆ ಮದುವೆ ಗೊತ್ತಾಗಿತ್ತು, ಅದರ ಖುಷಿಗೆ. ಉಬ್ಬರ ಹೆಚ್ಚಿದ್ದರೆ ಹೊಳೆಯ ಬಳಿಯೇ ಹಿಂದಿರುಗಬೇಕೆಂಬುದು ಅಂಗಳದ ಕಟ್ಟಳೆ. ನೆಂಗಾ ಕೈಯೆತ್ತಿ ನಿಲ್ಲಿಸಿದ. ಮುಂದೆ ಮರಳಿನ ದಾರಿಯನ್ನು ನೀರು ನುಂಗಿತ್ತು.

"ಅಯ್ಯೋ, ಇಷ್ಟೇನಾ ಅಣ್ಣ? ಸೂರ್ಯ ಮುಳುಗೋದು ನೋಡೋಕಂತ್ಲೇ ಬಂದಿದ್ದು," ಎಂದು ಮದುವೆ ಹುಡುಗಿ ಮುಖ ಸಣ್ಣ ಮಾಡಿದಳು.

ಇನ್ನೊಬ್ಬಳು, "ನೀವೇ ಇಲ್ಲಿ ಎಲ್ಲರಿಗಿಂತ ಒಳ್ಳೇ ಗೈಡ್ ಅಂತ ಬರ್ದಿದ್ರು ಫೋನಲ್ಲಿ. ನಿಮ್ಮನ್ನ ಕೇಳ್ಕೊಂಡೇ ಬಂದ್ವಿ," ಎಂದಳು.

ಅಷ್ಟು ಸಾಕಾಯಿತು ನಮ್ಮ ನೆಂಗಾನಿಗೆ. ಹೊಗಳಿಕೆ ಕಿವಿಗೆ ಬಿದ್ದರೆ ಬುದ್ಧಿ ಹಿಂದಿನ ಸೀಟಿಗೆ ಹೋಗಿ ಕೂರುತ್ತದೆ. "ಒಂದು ಒಳದಾರಿ ಇದೆ. ಸಾಲಾಗಿ ಬನ್ನಿ," ಎಂದ. ಒಳದಾರಿ ಎಂದದ್ದು ಸ್ಮಶಾನದ ಕೆಳಮಗ್ಗುಲು, ಕೇದಿಗೆ ಪೊದೆಗಳಿಗೂ ದಿಬ್ಬಗಳಿಗೂ ನಡುವಿನ ಸಂದು. ಅದು ಸ್ಮಶಾನವೆಂದು ಅವನು ಅವರಿಗೆ ಹೇಳಲಿಲ್ಲ. ಮನಸ್ಸಿನಲ್ಲೇ ಕೈಮುಗಿದು ಹೊರಟ.

ಮೂರು ಗಾಡಿ ಅವನ ಜಾಡಿನಲ್ಲೇ ಬಂದವು. ಕೊನೆಯವಳ ಪಕ್ಕಕ್ಕೆ ಒಂದು ಅಲೆ ಬುಸ್ಸೆಂದು ಏರಿತು. ಬೆಚ್ಚಿದವಳು ಹೆಬ್ಬೆರಳು ಬಿಡುವ ಬದಲು ಒತ್ತಿದಳು. ಗಾಡಿ ಎಗರಿ ಎರಡು ದಿಬ್ಬಗಳ ಮೇಲೆ ಹತ್ತಿಳಿದು, ಒಂದು ಗೂಟವನ್ನು ಮುರಿದು ಪೊದೆಗೆ ನುಗ್ಗಿ ನಿಂತಿತು. ಹುಡುಗಿಗೆ ಒಂದು ಗೀರು ಕೂಡ ಆಗಿರಲಿಲ್ಲ. ಬಿದಿರಂಡೆ ಎರಡು ಹೋಳಾಗಿ ಬಿದ್ದಿತ್ತು.

"ಅಣ್ಣ, ಅದೇನು? ನಾನೇನಾದ್ರೂ ಮುರಿದ್ನಾ?" ಎಂದಳು ಅವಳು, ಗಾಬರಿಯಿಂದ.

"ಏನಿಲ್ಲ ಬಿಡಮ್ಮ. ಮೀನು ಹಿಡಿಯೋರ ಗೂಟ," ಎಂದ ನೆಂಗಾ.

ಮರ ಹತ್ತುವಾಗ ಸೊಂಟಕ್ಕೆ ಹಗ್ಗ ಹೇಗೆ ಬಿಗಿಯಬೇಕೆಂದು ತೋರಿಸಿಕೊಟ್ಟ ಮನುಷ್ಯ. ಅಪ್ಪ ಸತ್ತ ವರ್ಷ ಒಂದು ದಿನವೂ ಉಪವಾಸ ಮಲಗಲು ಬಿಡದವನು. ಅವನ ತಲೆಯ ಮೇಲಿನ ಗುರುತು ನೆಂಗಾನ ಬಾಯಲ್ಲಿ ಮೀನು ಹಿಡಿಯುವವರ ಗೂಟವಾಯಿತು. ಹುಡುಗಿಯರು ಸೂರ್ಯ ಮುಳುಗುವುದನ್ನು ನೋಡಿದರು, ಫೋಟೋ ತೆಗೆದುಕೊಂಡರು, ಕೊನೆಗೆ ಚಪ್ಪಾಳೆ ತಟ್ಟಿದರು. ಅವನಿಗೆ ಅದು ಕೆನ್ನೆಗೆ ಬಾರಿಸಿದಂತೆ ಕೇಳಿಸಿತು.

ಮರುದಿನ ಬೆಳಕು ಹರಿಯುತ್ತಲೇ ಮನೆಯ ಅಟ್ಟದಿಂದ ತನ್ನದೇ ಹಳೆಯ ಅಂಡೆಯೊಂದನ್ನು ಇಳಿಸಿಕೊಂಡು, ಹೊಸ ಗೂಟ ಕಡಿದುಕೊಂಡು ಹೋದ. ಹೋಗಿ ನೋಡಿದರೆ ಉಬ್ಬರದ ನೀರು ಸ್ಮಶಾನದ ಅರ್ಧದವರೆಗೆ ಏರಿಳಿದು ಎಲ್ಲವನ್ನೂ ಸವರಿಹಾಕಿತ್ತು. ದಿಬ್ಬವಿಲ್ಲ, ಗಾಲಿಯ ಗುರುತಿಲ್ಲ, ಮುರಿದ ಗೂಟದ ತುಂಡೂ ಇಲ್ಲ. ಒರೆಸಿದ ಹಲಗೆಯಂಥ ಮರಳು. ಕೇದಿಗೆ ಪೊದೆಯಿಂದ ಎಡಕ್ಕೋ ಬಲಕ್ಕೋ? ಅಂದಾಜು ಮಾಡಿ ನೆಟ್ಟ. ತಪ್ಪಾಯಿತೆಂದು ನೈವೇದ್ಯ ಇಟ್ಟ. ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲೇ ಅನುಮಾನ ಹಿಂದಿನಿಂದ ಬಂದು ತೋಳು ಹಿಡಿಯಿತು. ಆಗಲೇ ಹೋಗಿ ಮುದುಕಿಗೆ ಹೇಳಬಹುದಿತ್ತು. ಹೇಳಲಿಲ್ಲ. ಆಗ ಹೇಳದ್ದು ಆಮೇಲೆ ದಿನದಿನಕ್ಕೆ ಭಾರವಾಗುತ್ತ ಹೋಯಿತು.

ಗಾಲುಂಗಾನ್ ಬಂತು. ಮೆನ್ ಸಾದ್ರಿಯ ಬುಟ್ಟಿಯನ್ನು ಹೊತ್ತು ಸ್ಮಶಾನದವರೆಗೆ ಜೊತೆಗೆ ಹೋದವನು ನೆಂಗಾನೇ. ಮಗಳು ಸಾದ್ರಿ ಮದುವೆಯಾಗಿ ಬೇರೆ ಊರಿನ, ಗಂಡನ ಮನೆಯ ದೇವರಕಟ್ಟೆಗೆ ಸೇರಿದ ಹೆಣ್ಣು. ಬರುವುದು ಹಬ್ಬದ ಮಾರನೆಯ ದಿನವೇ. ಮುದುಕಿ ಕೈಚಾಚಿ ಗೂಟ ತಡವಿದಳು, ಅಂಡೆ ತಡವಿದಳು.

"ಜಾಗ ಯಾಕೋ ಬೇರೆ ಥರ ಅನ್ಸುತ್ತಲ್ಲೋ," ಎಂದಳು.

ನೆಂಗಾ ಬುಟ್ಟಿ ಕೆಳಗಿಳಿಸಿದ. "ಉಬ್ಬರ ಬಂದಿತ್ತಲ್ಲಜ್ಜಿ... ಮರಳೆಲ್ಲ ಸಪಾಟಾಗಿದೆ."

"ಹೌದಾ. ನೋಡು, ಅಂಡೆ ಒಂಚೂರೂ ಕೆಟ್ಟಿಲ್ಲ. ಉಪ್ಪುಗಾಳಿಗೂ ಜಗ್ಗಿಲ್ಲ, ಅವನ ಹಾಗೇ." ಖುಷಿಯಿಂದ ಕೂತಳು. ಹಿಂದಿನ ಹಬ್ಬಗಳಲ್ಲೆಲ್ಲ ಅವಳು ಅಲ್ಲೊಂದು ಸತ್ತ ತೆಂಗಿನ ಬೊಡ್ಡೆಗೆ ಬೆನ್ನು ಒರಗಿಸಿ ಕೂರುತ್ತಿದ್ದಳು, ಮುಂದೆ ಗಂಡ, ಅದರಾಚೆ ಕಡಲು. ಈಗ ಬೊಡ್ಡೆ ಅವಳ ಎಡಕ್ಕೆ ಎರಡು ಮಾರು ದೂರದಲ್ಲಿತ್ತು. ಉಬ್ಬರಕ್ಕೆ ಅದೂ ಹೋಗಿರಬೇಕೆಂದುಕೊಂಡಳೋ ಏನೋ, ಅವಳು ಹುಡುಕಲಿಲ್ಲ. ನೆಂಗಾ ನೋಡಿದ. ಅನುಮಾನ ಇನ್ನು ಅನುಮಾನವಾಗಿ ಉಳಿಯಲಿಲ್ಲ. ಜೊತೆಗೆ ಇನ್ನೊಂದೂ ನೆನಪಾಯಿತು. ಪಕ್ಕದ ಗುಂಡಿಯಲ್ಲಿದ್ದವನು ಪನ್ ಲೋದ್ರ. ಅವನೂ ಕಳ್ಳು ಇಳಿಸುತ್ತಿದ್ದವನೇ. ಬೇಲಿಯ ಮೇಲಿನ ಒಂದು ತೆಂಗಿನ ಮರ ಯಾರದೆಂದು ಜಗಳವಾಡಿ ಅವನೂ ಪನ್ ಸಾದ್ರಿಯೂ ಬದುಕಿನ ಅರ್ಧ ಕಾಲ ಮಾತು ಬಿಟ್ಟಿದ್ದರು. ಪನ್ ಲೋದ್ರನ ಹೆಸರೆತ್ತಿದರೆ ಪನ್ ಸಾದ್ರಿ ಉಗಿಯುತ್ತಿದ್ದ. ಪನ್ ಲೋದ್ರನ ಮಗ ಲೋದ್ರ ಜಮೀನು ಸಿಗುತ್ತದೆಂದು ಸುಲಾವೆಸಿ ದ್ವೀಪಕ್ಕೆ ಹೋದವನು ಮತ್ತೆ ಸುದ್ದಿಯಿಲ್ಲ. ಗುರುತು ನೆಡುವವರಿಲ್ಲದೆ ಅಪ್ಪನ ದಿಬ್ಬ ಯಾವಾಗಲೋ ಮಾಸಿಹೋಗಿತ್ತು.

ಮುದುಕಿ ಆ ಪನ್ ಲೋದ್ರನಿಗೆ ಅನ್ನ ಬಡಿಸಿದಳು, ಹಂದಿಮಾಂಸದ ಪಲ್ಯ ಬಡಿಸಿದಳು, ಕಳ್ಳು ಸುರಿದಳು, ಲವಂಗದ ಸಿಗರೇಟು ಹಚ್ಚಿ ಮರಳಿಗೆ ಸಿಕ್ಕಿಸಿದಳು. "ನೀನು ಅತ್ತ ಹೋಗಿ ನಿಂತ್ಕೋ ನೆಂಗಾ. ಗಂಡ ಹೆಂಡ್ತಿ ಮಾತು," ಎಂದಳು.

ಮಾತು ಮುಗಿಸಿ ಬರುವಾಗ ಅವಳ ಮುಖ ತೊಳೆದಿಟ್ಟಂತಿತ್ತು. ದಾರಿಯಲ್ಲಿ ತಾನಾಗಿಯೇ ಬಾಯಿಬಿಟ್ಟಳು.

"ಯಾರಿಗೂ ಹೇಳಿಲ್ಲ ಕಣೋ, ನಿಂಗೆ ಹೇಳ್ತೀನಿ. ಅವನು ಬಿದ್ದ ದಿನ ಬೆಳಗ್ಗೆ ಜಗಳ ಆಗಿತ್ತು. ನನ್ನ ಓಲೆ ಹುಂಜದ ಕಾಳಗದಲ್ಲಿ ಕಳ್ಕೊಂಡು ಬಂದಿದ್ದ. ಕಾಫಿ ಕೊಡ್ಲಿಲ್ಲ. 'ಹೋಗು, ಮರದಿಂದ ಬಿದ್ದು ಸಾಯಿ' ಅಂದೆ."

ನೆಂಗಾ ನಿಂತುಬಿಟ್ಟ.

"ಬಿದ್ದ. ಮನೆಗೆ ತಂದಾಗ ಮಾತು ಹೋಗಿತ್ತು. ಹೋಗೋವರೆಗೂ ಕಣ್ಣು ಬಿಡ್ಲಿಲ್ಲ. ತಪ್ಪಾಯ್ತು ಅಂದ್ರೆ ಕೇಳೋಕೆ ಅವನೆಲ್ಲಿದ್ದ? ಇಷ್ಟು ದಿನ ಬುತ್ತಿ ತಂದಿಡ್ತಿದ್ದೆ, ಅತ್ತೂ ಹೋಗ್ತಿದ್ದೆ, ಆ ಮಾತು ಮಾತ್ರ ಬಾಯಿಗೆ ಬರ್ತಿರ್ಲಿಲ್ಲ. ಇವತ್ತು ಅದೇನೋ, ಎಲ್ಲ ಹೇಳ್ಬಿಟ್ಟೆ. ಹೇಳಿ ಮುಗಿಸ್ತಿದ್ದ ಹಾಗೆ ಒಂದು ತಂಗಾಳಿ ಬಂತು ನೋಡು, ಕೆನ್ನೆ ಸವರಿದ ಹಾಗೆ. ಕೇಳಿಸ್ಕೊಂಡ ಕಣೋ. ಬಿಡು ಅತ್ಲಾಗೆ ಅಂದ."

ಆವತ್ತಿನಿಂದ ಮುದುಕಿ ರಾತ್ರಿ ನಿದ್ದೆ ಮಾಡತೊಡಗಿದಳು. ಮುಂದಿನ ಹಬ್ಬಕ್ಕೂ ಹೋದಳು, ಅದರ ಮುಂದಿನದಕ್ಕೂ. ಪನ್ ಲೋದ್ರನ ಪಕ್ಕ ಕೂತು ನಕ್ಕು ಮಾತಾಡಿ ಬಂದಳು. ಬುಟ್ಟಿ ಹೊರುತ್ತಿದ್ದ ನೆಂಗಾ ಮಾತ್ರ ಹಬ್ಬದೂಟ ಮುಟ್ಟುತ್ತಿರಲಿಲ್ಲ. ಬೈಕಿನ ಮೇಲೆ ದಿನಾ ಬೆಳಗ್ಗೆ ಆ ಒಂದು ಹೂವು ತಪ್ಪದೆ ಇರುತ್ತಿತ್ತು.

ಊರ ಸಂಸ್ಕಾರಕ್ಕೆ ದಿನ ಗೊತ್ತಾದಾಗ ನೆಂಗಾನ ಹೆಂಡತಿ ರಿಂತೆನ್‌ಗೆ ವಿಷಯ ತಿಳಿಯಿತು. ತಿಳಿಯದೆ ಏನು, ಊಟ ಬಿಟ್ಟು ಕೂತ ಗಂಡನ ಬಾಯಿಂದ ಅವಳೇ ಹೊರಡಿಸಿದಳು. ನಮ್ಮಲ್ಲಿ ಹೆಂಡತಿ ಗಂಡನನ್ನು ಬ್ಲಿ ಎಂದು ಕರೆಯುತ್ತಾಳೆ, ಅಣ್ಣ ಎಂದ ಹಾಗೆ. ಆದರೆ ಆ ಕರೆಯಲ್ಲಿ ಮರ್ಯಾದೆ ಎಷ್ಟಿರುತ್ತದೆಂಬುದು ಆಯಾ ಹೊತ್ತಿಗೆ ಬಿಟ್ಟದ್ದು.

"ಬ್ಲಿ, ನೀನೇನು ಗೂಟ ನೆಟ್ಟೆಯೋ, ಅಜ್ಜಿ ಎದೆಗೆ ನೆಟ್ಟೆಯೋ?"

"ಹೇಳ್ಬಿಡ್ಲಾ?"

"ಹೇಳಿದ್ರೆ ಅವಳಿಗೆ ಸಿಕ್ಕಿರೋ ನೆಮ್ಮದಿ ಹೋಯ್ತು. ಗಂಡ ಕ್ಷಮಿಸಿದ ಅಂತ ನಂಬ್ಕೊಂಡು ಬದುಕಿದಾಳೆ ಮುದುಕಿ."

"ಹೇಳದಿದ್ರೆ ಪನ್ ಸಾದ್ರಿ ಮರಳಲ್ಲೇ ಉಳೀತಾನೆ. ಬೆಂಕಿ ಕಾಣ್ದೆ, ಕಡಲು ಕಾಣ್ದೆ."

"ಗೊತ್ತಲ್ಲ ಮತ್ತೆ. ಎರಡರಲ್ಲಿ ಯಾವುದು ನಿಂಗೆ ಸುಲಭ ಅನ್ಸುತ್ತೋ ಅದನ್ನ ಮಾತ್ರ ಮಾಡ್ಬೇಡ," ಎಂದು ಎದ್ದುಹೋಗಿ ತಟ್ಟೆ ತೊಳೆಯತೊಡಗಿದಳು.

ಸುಲಭವಾದದ್ದು ಸುಮ್ಮನಿರುವುದು. ನೆಂಗಾ ಅದನ್ನೇ ಮಾಡಿದ. ಮುದುಕಿಯ ನೆಮ್ಮದಿಗಾಗಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅರ್ಧ ನಿಜ. ಇನ್ನರ್ಧ ಅವನಿಗೂ ಗೊತ್ತಿತ್ತು.

ಮೂಳೆ ಎತ್ತುವ ದಿನ ಸ್ಮಶಾನದಲ್ಲಿ ಜಾತ್ರೆಯಷ್ಟು ಜನ. ಅಲ್ಲೊಂದು ಕುಟುಂಬ, ಇಲ್ಲೊಂದು ಕುಟುಂಬ, ಗುದ್ದಲಿ, ಬುಟ್ಟಿ, ಬಿಳಿ ಬಟ್ಟೆ, ಊದುಕಡ್ಡಿಯ ಹೊಗೆ. ಅಳು ಕಡಿಮೆ. ದೂರದೂರಿಂದ ಬಂದ ನೆಂಟರನ್ನು ಎದುರುಗೊಳ್ಳುವ ಸಡಗರವೇ ಹೆಚ್ಚು. "ನಮ್ಮಪ್ಪಂಗೆ ಇನ್ನೂ ಹಲ್ಲು ಗಟ್ಟಿ ಇದೆ ನೋಡು," ಎಂದು ಯಾರೋ ನಗುತ್ತಿದ್ದರು. ಊರ ಮುಖಂಡ ಮಂದ್ರ ಅತ್ತಿಂದಿತ್ತ ಓಡಾಡುತ್ತ, ಬಿಸಿಲೇರುವುದರೊಳಗೆ ಮುಗಿಸಿ ಎಂದು ಎಲ್ಲರನ್ನೂ ಗದರುತ್ತಿದ್ದ.

ಮೆನ್ ಸಾದ್ರಿ ಮಗಳ ಕೈ ಹಿಡಿದು ಬಂದಳು. ಹೊಸ ಸೀರೆಯಂಥ ಹಳದಿ ಬಟ್ಟೆಯನ್ನು ಸೊಂಟಕ್ಕೆ ಸುತ್ತಿದ್ದಳು. ಗುದ್ದಲಿಯನ್ನು ನೆಂಗಾನ ಕೈಗೆ ಕೊಟ್ಟು, "ನೀನೇ ಎತ್ತಬೇಕು ಅವನನ್ನ. ನಿನ್ನ ಕೈ ಅವನಿಗೆ ಗೊತ್ತು," ಎಂದಳು.

ನೆಂಗಾ ಅಂಡೆ ನೆಟ್ಟ ಜಾಗದಲ್ಲೇ ಅಗೆದ. ಕಪ್ಪು ಮರಳು ಮೇಲೆ ಬಿಸಿ, ಒಳಗೆ ತಣ್ಣಗೆ. ಸೊಂಟದಾಳಕ್ಕೆ ಇಳಿದ ಮೇಲೆ ಗುದ್ದಲಿ ಬಿಟ್ಟು ಕೈಯಿಂದ ಬಗೆದ. ಮೊದಲು ಸಿಕ್ಕಿದ್ದು ಕೊಳೆತ ಚಾಪೆಯ ಎಳೆ. ಆಮೇಲೆ ಒಂದು ಕಾಲಿನ ಮೂಳೆ. ಉದ್ದ, ನೆಟ್ಟಗೆ. ಎರಡನೆಯದೂ ನೆಟ್ಟಗೆ.

ಪನ್ ಸಾದ್ರಿ ಹರೆಯದಲ್ಲೇ ಒಮ್ಮೆ ಮರದಿಂದ ಬಿದ್ದಿದ್ದ. ಮೂಳೆ ಕೂಡಿಸುವವನು ಕಟ್ಟಿದ ಬಲಗಾಲು ಸೊಟ್ಟಗೆ ಕೂಡಿಕೊಂಡು, ಜೀವಮಾನವೆಲ್ಲ ದೋಣಿಯ ಹಾಗೆ ವಾಲಿಕೊಂಡೇ ನಡೆದಿದ್ದ. ಮೇಲೆ ನಿಂತ ಮುದುಕಿಗೆ ಆ ಕಣ್ಣುಗಳಿಂದ ಇದು ಕಾಣುವಂತಿರಲಿಲ್ಲ. ಸಾದ್ರಿ ಮುಖ ಆಚೆ ತಿರುಗಿಸಿಕೊಂಡಿದ್ದಳು. ಮೂಳೆಗಳನ್ನು ಬಟ್ಟೆಯಲ್ಲಿ ಹಾಕಿ ಗಂಟು ಬಿಗಿದರೆ ಮುಗಿಯಿತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಮುದುಕಿ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಎರಡೂ ತೋಳ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಚಾಚಿದಳು, ಹೆತ್ತವಳ ಕೈಗೆ ಕೂಸು ಕೊಡಿ ಎನ್ನುವ ಹಾಗೆ. "ಕೊಡೋ. ನಿಧಾನ, ಆ ಕಾಲು ನೋವಿಂದು," ಎಂದಳು.

ನೆಂಗಾ ಮೂಳೆಯನ್ನು ಮತ್ತೆ ಕೆಳಗಿಟ್ಟ. ಗುಂಡಿಯೊಳಗೇ ಕೂತ.

"ಅಜ್ಜಿ, ಇದು ಅವರಲ್ಲ," ಎಂದ.

"ಏನಂದೆ?"

"ಗೂಟ ನಾನು ನೆಟ್ಟಿದ್ದು. ನಮ್ಮ ಗಾಡಿ ಹತ್ತಿ ಮುರಿದುಹೋಗಿತ್ತು. ಉಬ್ಬರ ಅಂತ ಗೊತ್ತಿದ್ದೂ ಜನರನ್ನ ಇದರ ಮೇಲೆ ಕರ್ಕೊಂಡು ಬಂದೆ. ಬೆಳಗ್ಗೆ ಬಂದಾಗ ಜಾಗ ತಿಳೀಲಿಲ್ಲ. ಅಂಡೇನೂ ನಂದೇ. ಇದು... ಇದು ಪನ್ ಲೋದ್ರ, ಅಜ್ಜಿ. ನಂಗೆ ಗೊತ್ತಿತ್ತು. ಮೊದಲ್ನೇ ಹಬ್ಬದಿಂದಾನೂ ಗೊತ್ತಿತ್ತು."

ಸುತ್ತಲಿನವರು ಗುಂಡಿಯ ಕಡೆ ತಿರುಗಿದರು. ಮುದುಕಿಯ ತೋಳ ಮೇಲಿನ ಬಟ್ಟೆ ಗಾಳಿಗೆ ಹಾರಿ ಮರಳಿನ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಹಾಗಾದ್ರೆ ಮೂರು ಗಾಲುಂಗಾನ್ ನಾನು..." ಎಂದು ತಡೆದಳು. "ನನ್ನ ಮನೆ ಗುಟ್ಟೆಲ್ಲ ಆ ಪನ್ ಲೋದ್ರಂಗೆ ಹೇಳ್ಬಿಟ್ನಲ್ಲೋ!"

ಯಾರೋ ಕಿಸಕ್ಕೆಂದರು. ಮಂದ್ರ ಗುರಾಯಿಸಿದ. ನೆಂಗಾ ತಲೆಯೆತ್ತಲಿಲ್ಲ. ಅವಳು ಬಡಿಯಲಿ ಎಂದು ಕಾದ. ಮುದುಕಿ ಬಡಿಯಲಿಲ್ಲ, ಬೈಯಲೂ ಇಲ್ಲ. "ಬೊಡ್ಡೆ ಎಲ್ಲಿದೆ? ನನ್ನನ್ನ ಅಲ್ಲಿ ಕೂರ್ಸಿ," ಎಂದಳು. ಮಗಳು ಕರೆದೊಯ್ದು ಕೂರಿಸಿದಳು. ಮುದುಕಿ ಬೆನ್ನನ್ನು ಬೊಡ್ಡೆಗೆ ಒರಗಿಸಿ, ಸರಿದಾಡಿ, ಹಳೆಯ ಗುಳಿಗೆ ಬೆನ್ನು ಹೊಂದಿಕೊಂಡ ಮೇಲೆ ಕೈಯನ್ನು ನೇರ ಮುಂದಕ್ಕೆ ಚಾಚಿ, "ಇಲ್ಲಿ," ಎಂದಳು.

ಅಲ್ಲಿ ಅಗೆದ ನೆಂಗಾ. ಕಣ್ಣೀರು, ಬೆವರು, ಮರಳು ಒಂದಾಗಿ ಮುಖದ ಮೇಲೆ ಕಪ್ಪಗೆ ಇಳಿಯಿತು. ಸೊಟ್ಟ ಮೂಳೆ ಸಿಕ್ಕಿತು. ಅದನ್ನು ಬಟ್ಟೆಯಲ್ಲಿಟ್ಟು ಕೊಟ್ಟಾಗ ಮುದುಕಿ ಬಾಗಿದ ಕಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದಳು, ಮಳೆಗಾಲದಲ್ಲಿ ಎಣ್ಣೆ ಹಚ್ಚುತ್ತಿದ್ದ ಜಾಗ ಅದು. "ನೀವೆಲ್ಲ ಸ್ವಲ್ಪ ಆಚೆ ಹೋಗಿ," ಎಂದಳು.

ಎಲ್ಲರೂ ಹೋದರು. ಮಂದ್ರ ಕೂಡ ಬಿಸಿಲಿನ ಮಾತೆತ್ತಲಿಲ್ಲ. ದೂರದಿಂದ ಕಂಡದ್ದು ಅವಳ ಬಾಗಿದ ಬೆನ್ನು, ಅಲ್ಲಾಡುವ ತಲೆ. ಬಹಳ ಹೊತ್ತು ಮಾತಾಡಿದಳು. ಒಮ್ಮೆ ಮಾತು ನಿಲ್ಲಿಸಿ ಮುಖವನ್ನು ಕಡಲ ಕಡೆಗೆ ಎತ್ತಿ ಕಾದಳು. ಮತ್ತೆ ಮಾತಾಡಿದಳು, ಮತ್ತೆ ಕಾದಳು. ಆಮೇಲೆ ಬಟ್ಟೆಯನ್ನು ಗಂಟು ಹಾಕಿ ಕರೆದಳು.

ನೆಂಗಾ ಹತ್ತಿರ ಹೋದ. ಕೇಳಬಾರದೆಂದುಕೊಂಡೇ ಕೇಳಿದ. "ಹೇಳಿದ್ರಾ ಅಜ್ಜಿ?"

"ಹೇಳಿದೆ."

"ಏನಾದ್ರೂ..."

"ಏನಿಲ್ಲ. ಆವತ್ತು ಗಾಳಿ ಬಂದಿತ್ತು. ಇವತ್ತು ಬರ್ಲಿಲ್ಲ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ನೆಂಗಾ ಹೇಗೋ ಉಳಿದುಕೊಳ್ಳುತ್ತಿದ್ದ. ಅವನು ಅವಳ ಪಾದದ ಬಳಿ ಮರಳಿಗೆ ಹಣೆ ಹಚ್ಚಿದ. ಅವಳ ಕೈ ಅವನ ತಲೆಯ ಮೇಲೆ ಬರಲಿಲ್ಲ.

ಅಷ್ಟರಲ್ಲಿ ಮಂದ್ರನಿಗೆ ಹೊಸ ತಲೆನೋವು. ಮೊದಲ ಗುಂಡಿಯ ಪನ್ ಲೋದ್ರನನ್ನು ಏನು ಮಾಡುವುದು? ಮೇಲೆದ್ದು ಬೆಳಕು ಕಂಡ ಮೂಳೆಯನ್ನು ಮತ್ತೆ ಮುಚ್ಚುವ ಹಾಗಿಲ್ಲ. ಸುಡಬೇಕೆಂದರೆ ಕೈಮುಗಿಯಲು ಮಕ್ಕಳು ಬೇಕು, ಸುಟ್ಟ ಮೇಲೆ ಹಿರಿಯನಾಗಿ ಬಂದು ಕೂರಲು ಒಂದು ಮನೆಯ ದೇವರಕಟ್ಟೆ ಬೇಕು. "ಮಗ ಬದುಕಿದಾನೋ ಇಲ್ವೋ. ಇವನನ್ನ ಯಾರು ತಗೋತಾರೆ?" ಎಂದು ತಲೆ ಕೆರೆದುಕೊಂಡ.

"ಎಬ್ಬಿಸಿದವನು ಇದಾನಲ್ಲ," ಎಂದಳು ಮೆನ್ ಸಾದ್ರಿ.

"ಅಜ್ಜಿ!" ಎಂದ ನೆಂಗಾ. "ನಮ್ಮ ಗುರುಗಳು ಅವನ ಹೆಸರು ಕೇಳಿದ್ರೆ ಉಗೀತಿದ್ರು."

"ಉಗೀಲಿ. ನಾನು ಬಾಯಿಬಿಟ್ಟಾಗ ಕೇಳಿಸ್ಕೊಂಡವನು ಅವನು. ಅನ್ನ ತಿಂದ, ಕಳ್ಳು ಕುಡಿದ, ಬಿಡು ಅತ್ಲಾಗೆ ಅಂದ. ಅವನಿಗೆ ಯಾರೂ ಇಲ್ಲ ಅಂತ ಗುಂಡೀಲಿ ಬಿಟ್ಟು ಹೋಗೋಕಾಗುತ್ತಾ? ಇವತ್ತಿಂದ ಅವನು ನಿಮ್ಮಪ್ಪ. ಕೈಮುಗಿ."

ಊರಿನವರೆಲ್ಲ ನೋಡುತ್ತಿದ್ದಂತೆ ನೆಂಗಾ ತಿರ್ತ ಪನ್ ಲೋದ್ರನ ನೆಟ್ಟಗಿನ ಮೂಳೆಗಳ ಮುಂದೆ ಕೂತು, ಜೋಡಿಸಿದ ಕೈಗಳನ್ನು ನೆತ್ತಿಯ ಮೇಲಕ್ಕೆತ್ತಿದ. ತನ್ನ ಸ್ವಂತ ಅಪ್ಪನಿಗೆ ಎತ್ತಿದ ಹಾಗೆ. ರಿಂತೆನ್ ಬಂದು ಗಂಡನ ಪಕ್ಕ ಕೂತು ತಾನೂ ಕೈಯೆತ್ತಿದಳು.

ಸಂಸ್ಕಾರ ಮುಗಿಯಿತು. ಸಂಜೆ ಇಳಿತದ ಹೊತ್ತಿಗೆ ಊರೆಲ್ಲ ಬೂದಿಯ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಕಪ್ಪು ಮರಳಿಗೆ ಇಳಿಯಿತು. ಮುಂದೆ ಮೆನ್ ಸಾದ್ರಿ, ಅವಳ ಹಿಂದೆ ಪನ್ ಲೋದ್ರನನ್ನು ಹೊತ್ತ ನೆಂಗಾ. ನೀರಿಗೆ ಬಿಟ್ಟಾಗ ಎರಡು ಬೂದಿಯೂ ಒಂದೇ ಅಲೆಯಲ್ಲಿ ಕಲಸಿಹೋದವು. ಬೇಲಿಯ ಮೇಲಿನ ತೆಂಗಿನ ಮರ ಯಾರದೆಂಬ ವ್ಯಾಜ್ಯ ಅಲ್ಲಿಗೆ ತೀರಿರಬೇಕು.

ಮಾರನೆಯ ಬೆಳಗ್ಗೆ ಮುದುಕಿ ಅಂಗಳಕ್ಕೆ ಬರುವುದಿಲ್ಲವೆಂದೇ ನೆಂಗಾ ತಿಳಿದಿದ್ದ. ಬಂದಳು. ಗಾಡಿಗಳನ್ನು ಒಂದೊಂದಾಗಿ ತಡವಿ ತಟ್ಟೆ ಇಟ್ಟಳು. ಓಕಾ ಆ ದಿನ ತಮಾಷೆ ಮಾಡಲಿಲ್ಲ. ನೆಂಗಾನ ಗಾಡಿಗೂ ತಟ್ಟೆ ಇಟ್ಟು, ಊದುಕಡ್ಡಿ ಸಿಕ್ಕಿಸಿ, ನೀರು ಚಿಮುಕಿಸಿದಳು. ಹೂವಿಗೆಂದು ಬುಟ್ಟಿಗೆ ಹೋದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು ಬರಿದಾಗಿ ಹಿಂದಕ್ಕೆ ಬಂತು.

"ಗಾಲುಂಗಾನ್‌ಗೆ ನಿಮ್ಮನೇಗೆ ಬರ್ತೀನಿ," ಎಂದಳು.

"ಬನ್ನಿ ಅಜ್ಜಿ. ಊಟಕ್ಕೇ ಬನ್ನಿ."

"ಊಟ ಬೇಡ. ನಿಮ್ಮಪ್ಪನ ಹತ್ರ ಸ್ವಲ್ಪ ಮಾತಾಡ್ಬೇಕು. ನನ್ನ ಗಂಡ ಅಂತೂ ಬಾಯೇ ಬಿಡ್ಲಿಲ್ಲ." ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಒಂದು ಕೈಯಿಂದ ಗೋಡೆ ಹಿಡಿದು ಹೊರಟುಹೋದಳು.

ಅಷ್ಟರಲ್ಲಿ ಆ ದಿನದ ಜನ ಬಂದು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ನೆಂಗಾ ಪಟ್ಟಿ ಬಿಗಿಯುವುದು ಹೇಳಿಕೊಟ್ಟ, ಹೆಬ್ಬೆರಳು ತೋರಿಸಿದ, ಕೈಯೆತ್ತಿದರೆ ನಿಲ್ಲಿ ಎಂದ. ನನ್ನ ಜಾಡಿನ ಮೇಲೇ ಬನ್ನಿ ಎಂದು ದಿನಾ ಎರಡು ಸಲ ಹೇಳುವ ಮಾತನ್ನು ಮಾತ್ರ ಹೇಳಲಿಲ್ಲ. ಅವನು ಗಾಡಿ ಹತ್ತಿ, ಹೂವಿಲ್ಲದ ತಟ್ಟೆಯನ್ನು ನೋಡುತ್ತ ಕೂತ. ಹಿಂದೆ ಯಾರೋ ಹೊರಡೋಣವೇ ಎಂದು ಕೇಳಿದರು.